ಮದುಮಗಳ ಮೂಗುತಿ ಸ್ಕ್ಯಾನ್‌ನಲ್ಲಿ ಮಾಯವಾದದ್ದು ಏಕೆ?

ಪ್ರಶ್ನೆ: ನಮ್ಮೂರು ಚಿಂತಾಮಣಿ. ತಂದೆಯವರು 1974ರಿಂದ 2001ರವರೆಗೆ ಇಲ್ಲಿ ಫೋಟೋ ಸ್ಟುಡಿಯೋ ನಡೆಸಿದರು. ಈಗ ಅವರಿಲ್ಲ. ಅವರ ಟ್ರಂಕಿನಲ್ಲಿ ಸುಮಾರು 1,800 ನೆಗೆಟಿವ್‌ಗಳಿವೆ. 1,200ರಷ್ಟು ಚೌಕದ ದೊಡ್ಡ ಕಪ್ಪು-ಬಿಳುಪು, ಉಳಿದವು 35 ಎಂಎಂ ಕಲರ್. ಎಪ್ಸನ್ ವಿ600 ಸ್ಕ್ಯಾನರ್ ತೆಗೆದುಕೊಂಡು, ಜೊತೆಗೆ ಬಂದ ಸಾಫ್ಟ್‌ವೇರ್‌ನಲ್ಲೇ 70 ಫ್ರೇಮ್ ಮಾಡಿದೆ. ಎಲ್ಲಕ್ಕೂ ಕಲರ್ ನೆಗೆಟಿವ್ ಎಂದು ಆರಿಸಿ, ಧೂಳು-ಗೀರು ತೆಗೆಯುವ ‘ಡಿಜಿಟಲ್ ಐಸ್’ ಆಯ್ಕೆ ಹಾಕಿದ್ದೇನೆ. ಕಪ್ಪು-ಬಿಳುಪಿನಲ್ಲಿ ಮುಖಗಳು ಮೇಣದ ಬೊಂಬೆಯಂತೆ ಬರುತ್ತಿವೆ. ನಮ್ಮ ಅತ್ತೆಯ ಮದುವೆ ಫೋಟೋದಲ್ಲಿ ಮೂಗುತಿಯೇ ಇಲ್ಲ! ಕಲರ್‌ನಲ್ಲಿ ಒಂದೇ ರೋಲಿನ ಒಂದು ಫ್ರೇಮ್ ನೀಲಿ, ಇನ್ನೊಂದು ಹಸಿರು. ಸ್ಕ್ಯಾನ್ ಮಾಡುವ ಬೇರೆ ಸಾಫ್ಟ್‌ವೇರ್ ಬೇಕು ಎಂದು ಒಬ್ಬರು ಸಿಲ್ವರ್‌ಫಾಸ್ಟ್ ಕೊಳ್ಳಿ ಅನ್ನುತ್ತಾರೆ, ಇನ್ನೊಬ್ಬರು ವ್ಯೂಸ್ಕ್ಯಾನ್ ಅನ್ನುತ್ತಾರೆ. ಪರಿಚಯದವರೊಬ್ಬರು 6400 ಡಿಪಿಐನಲ್ಲಿ (ಅಂಗುಲಕ್ಕೆ 6400 ಚುಕ್ಕೆ) ಸ್ಕ್ಯಾನ್ ಮಾಡಿ ನೆಗೆಟಿವ್ ಎಸೆದುಬಿಡಿ, ಇಟ್ಟುಕೊಂಡು ಏನು ಮಾಡುತ್ತೀರಿ ಎಂದರು. ಮೊಬೈಲಿನ ಎಐ ಆ್ಯಪ್‌ನಲ್ಲಿ ಹಾಕಿದರೆ ಮುಖ ಚೆನ್ನಾಗಿ ಬರುತ್ತದೆ. ಏನು ಮಾಡಲಿ?

ಉತ್ತರ: ನೀವು ಕಳಿಸಿದ ಫೈಲ್‌ಗಳನ್ನು ತೆರೆದು ನೋಡಿದೆ. ನಿಮ್ಮ ಅತ್ತೆಯವರ ಸ್ಕ್ಯಾನ್ ಪಕ್ಕದಲ್ಲಿ, ಅದೇ ನೆಗೆಟಿವ್ ಅನ್ನು ಕಿಟಕಿಗೆ ಹಿಡಿದು ನೀವು ಮೊಬೈಲಿನಲ್ಲಿ ತೆಗೆದ ಚಿತ್ರ ಇಟ್ಟೆ. ಕಿಟಕಿ ಬೆಳಕಿನ ಚಿತ್ರದಲ್ಲಿ ಮೂಗಿನ ಮೇಲೆ ಸೂಜಿಮೊನೆಯಷ್ಟು ಕಡುಕಪ್ಪು ಚುಕ್ಕೆ ಕಾಣುತ್ತದೆ. ಅದೇ ಮೂಗುತಿ. ಹೊಳೆಯುವುದೆಲ್ಲ ನೆಗೆಟಿವ್‌ನಲ್ಲಿ ಕಪ್ಪಾಗಿ ಕೂರುತ್ತದೆ. ಸ್ಕ್ಯಾನ್‌ನಲ್ಲಿ ಆ ಜಾಗದಲ್ಲಿ ನುಣುಪಾದ ಚರ್ಮ ಬಿಟ್ಟರೆ ಏನೂ ಇಲ್ಲ. ಸೀರೆಯ ಜರಿ ಅಂಚೂ ಒದ್ದೆ ಬಟ್ಟೆ ತಾಗಿದ ರಂಗೋಲಿಯಂತೆ ಕದಡಿದೆ. ನೆಗೆಟಿವ್ ಹಾಳಾಗಿಲ್ಲ, ನಿಮ್ಮ ಸ್ಕ್ಯಾನರೂ ಕೆಟ್ಟಿಲ್ಲ. ಸ್ಕ್ಯಾನರ್ ಕಂಡ ಮೂಗುತಿಯನ್ನು ಧೂಳೆಂದು ಎಣಿಸಿ ಸಾಫ್ಟ್‌ವೇರ್ ಅಳಿಸಿದೆ, ಅಷ್ಟೆ. ಹೊಸದಾಗಿ ಏನನ್ನಾದರೂ ಕೊಳ್ಳುವ ಮೊದಲು ಇದನ್ನು ಸರಿಮಾಡಿಕೊಳ್ಳೋಣ, ಖರ್ಚಿಲ್ಲದೆ ಆಗುವ ಕೆಲಸ.

ಡಿಜಿಟಲ್ ಐಸ್ ಚಿತ್ರ ನೋಡಿ ಧೂಳನ್ನು ಊಹಿಸುವುದಿಲ್ಲ. ಸ್ಕ್ಯಾನರ್ ಸಾಮಾನ್ಯ ಬೆಳಕಿನಲ್ಲಿ ಒಮ್ಮೆ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನಲ್ಲಿ ಇನ್ನೊಮ್ಮೆ ಫಿಲ್ಮನ್ನು ಓದುತ್ತದೆ. ಕಲರ್ ಫಿಲ್ಮ್ ತೊಳೆಯುವಾಗ ಬ್ಲೀಚ್ ಮತ್ತು ಫಿಕ್ಸರ್‌ನಲ್ಲಿ ಬೆಳ್ಳಿಯೆಲ್ಲ ಹೊರಟುಹೋಗಿ, ಬಣ್ಣದ ಪದರಗಳಷ್ಟೇ ಉಳಿಯುತ್ತವೆ. ಆ ಬಣ್ಣಗಳ ಮೂಲಕ ಇನ್ಫ್ರಾರೆಡ್ ಸಲೀಸಾಗಿ ಹಾದುಹೋಗುತ್ತದೆ. ತಡೆಯುವುದು ಧೂಳು, ಕೂದಲು, ಗೀರು ಮಾತ್ರ. ಹಾಗಾಗಿ ಎಲ್ಲೆಲ್ಲಿ ತಡೆಯಿದೆಯೋ ಅಲ್ಲೆಲ್ಲ ಸಾಫ್ಟ್‌ವೇರ್ ಸುತ್ತಲಿನ ಚಿತ್ರ ತಂದು ತೇಪೆ ಹಾಕುತ್ತದೆ. ಕಲರ್ ನೆಗೆಟಿವ್‌ಗೆ ಇದು ನಿಜಕ್ಕೂ ವರ.

ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿ. ಬೆಳ್ಳಿಯ ಕಣಗಳು ಇನ್ಫ್ರಾರೆಡ್ ಬೆಳಕನ್ನೂ ತಡೆಯುತ್ತವೆ. ಬೆಳ್ಳಿ ದಟ್ಟವಾಗಿರುವ ಕಡೆಯೆಲ್ಲ, ಅಂದರೆ ಮೂಗುತಿ, ಜರಿ, ಬಿಳಿ ಪಂಚೆ, ಹಣೆಯ ಮೇಲಿನ ಬೆಳಕು, ಇವೆಲ್ಲ ಸಾಫ್ಟ್‌ವೇರ್‌ಗೆ ಕಸವಾಗಿಯೇ ಕಾಣುತ್ತವೆ. ತೇಪೆ ಹಾಕುತ್ತಾ ಹೋಗುತ್ತದೆ, ಮುಖ ಮೇಣವಾಗುತ್ತದೆ. ಎಪ್ಸನ್‌ನಲ್ಲಿ ಫಿಲ್ಮ್ ಬಗೆಯನ್ನು ಕಪ್ಪು-ಬಿಳುಪು ಎಂದು ಸರಿಯಾಗಿ ಆರಿಸಿ, ಐಸ್ ತೆಗೆದುಬಿಟ್ಟರೆ ಅರ್ಧ ಕಾಯಿಲೆ ವಾಸಿ. ಇದಕ್ಕೆ ಒಂದು ಹೊರತಿದೆ. ಇಲ್‌ಫೋರ್ಡ್ ಎಕ್ಸ್‌ಪಿ2 ಥರದ ಕೆಲವು ಕಪ್ಪು-ಬಿಳುಪು ಫಿಲ್ಮ್‌ಗಳನ್ನು ಕಲರ್ ರಾಸಾಯನಿಕದಲ್ಲೇ ತೊಳೆಯುತ್ತಿದ್ದರು, ಅವುಗಳಲ್ಲೂ ಬೆಳ್ಳಿ ಉಳಿಯುವುದಿಲ್ಲ, ಐಸ್ ನಡೆಯುತ್ತದೆ. ನಿಮ್ಮ ತಂದೆಯವರ ಕಾಲದ ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಓಡುತ್ತಿದ್ದದ್ದು ಹೆಚ್ಚಾಗಿ ಪೂರ್ವ ಜರ್ಮನಿಯ ಓರ್ವೋ ಮತ್ತು ಊಟಿಯ ಹಿಂದೂಸ್ತಾನ್ ಫೋಟೋ ಫಿಲಮ್ಸ್‌ನವರ ‘ಇಂದು’. ಫಿಲ್ಮಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹೆಸರಿರುತ್ತದೆ, ಭೂತಗನ್ನಡಿ ಹಿಡಿದು ನೋಡಿ. ಎರಡೂ ಬೆಳ್ಳಿಯವೇ.

ಈಗ ಎಪ್ಸನ್ ಸ್ಕ್ಯಾನ್‌ನ ಹೊಂದಾಣಿಕೆ. ಪ್ರೊಫೆಷನಲ್ ಮೋಡ್ ತೆರೆಯಿರಿ. ಕಪ್ಪು-ಬಿಳುಪಿಗೆ 16-ಬಿಟ್ ಗ್ರೇಸ್ಕೇಲ್ ಆರಿಸಿ. ಅನ್‌ಶಾರ್ಪ್ ಮಾಸ್ಕ್, ಗ್ರೇನ್ ರಿಡಕ್ಷನ್, ಡಸ್ಟ್ ರಿಮೂವಲ್ ಎಲ್ಲಕ್ಕೂ ಹಾಕಿರುವ ಟಿಕ್ ತೆಗೆಯಿರಿ. ಆಮೇಲೆ ಮುಖ್ಯವಾದದ್ದು ಹಿಸ್ಟೋಗ್ರಾಮ್, ಅಂದರೆ ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವ ಛಾಯೆ ಎಷ್ಟಿದೆ ಎಂದು ತೋರಿಸುವ ನಕ್ಷೆ. ಪ್ರಿವ್ಯೂ ಬಂದ ಕೂಡಲೇ ಆ ಕಿಟಕಿ ತೆರೆದರೆ ಬೆಟ್ಟದಂಥ ಆಕಾರ ಕಾಣುತ್ತದೆ, ಅದರ ಕೆಳಗೆ ಎರಡು ಗುರುತುಗಳಿರುತ್ತವೆ. ತಾನಾಗಿ ಬಂದ ಹೊಂದಾಣಿಕೆಯಲ್ಲಿ ಆ ಗುರುತುಗಳು ಹೆಚ್ಚಾಗಿ ಬೆಟ್ಟದ ಬುಡವನ್ನು ಎರಡೂ ಕಡೆ ಕೊಯ್ದುಕೊಂಡು ಒಳಗೆ ನಿಂತಿರುತ್ತವೆ. ಚಿತ್ರ ಪರದೆಯ ಮೇಲೆ ಗರಿಗರಿಯಾಗಿ ಕಾಣಲಿ ಅಂತ ಹಾಗೆ ಮಾಡಿರುತ್ತಾರೆ. ಕೊಯ್ದುಹೋದ ತುದಿಗಳಲ್ಲಿ ಮದುಮಗನ ಬಿಳಿ ಪೇಟದ ಮಡಿಕೆಗಳಿರುತ್ತವೆ, ಇನ್ನೊಂದು ತುದಿಯಲ್ಲಿ ಕಪ್ಪು ಕೂದಲಿನ ಎಳೆಗಳಿರುತ್ತವೆ. ಎರಡು ಗುರುತುಗಳನ್ನೂ ಬೆಟ್ಟದ ಬುಡದಿಂದ ಸ್ವಲ್ಪ ಆಚೆಗೆ ಎಳೆಯಿರಿ. ಚಿತ್ರ ಮಂಕಾಗಿ, ಬೂದು ಬಣ್ಣಕ್ಕೆ ಕಾಣುತ್ತದೆ. ಹೆದರಬೇಡಿ. ಮಂಕು ಸ್ಕ್ಯಾನ್‌ನಲ್ಲಿ ಎಲ್ಲವೂ ಇದೆ. ಗರಿಗರಿ ಮಾಡುವ ಕೆಲಸವನ್ನು ಆಮೇಲೆ, ಫೈಲಿನ ನಕಲು ಪ್ರತಿಯ ಮೇಲೆ, ಬೇರೆ ಸಾಫ್ಟ್‌ವೇರ್‌ನಲ್ಲಿ ನಿಧಾನಕ್ಕೆ ಮಾಡಬಹುದು. 8-ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 16-ಬಿಟ್‌ನಲ್ಲಿ 65,536. ಮಂಕು ಚಿತ್ರವನ್ನು ಆಮೇಲೆ ಎಳೆದು ಹಿಗ್ಗಿಸುವಾಗ ಆ ಮೆಟ್ಟಿಲುಗಳ ಬೆಲೆ ತಿಳಿಯುತ್ತದೆ. 8-ಬಿಟ್ ಆದರೆ ಆಕಾಶ, ಹಿಂದಿನ ಪರದೆ ಎಲ್ಲ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಉಳಿಸುವುದು ಟಿಫ್ ಬಗೆಯ ಫೈಲಿನಲ್ಲೇ, ಜೆಪೆಗ್‌ನಲ್ಲಿ ಬೇಡ.

ಐಸ್ ಇಲ್ಲದಿದ್ದರೆ ಧೂಳಿಗೇನು ಮಾಡುವುದು ಎಂದು ಕೇಳುತ್ತೀರಿ. ಧೂಳು ಫಿಲ್ಮಿನ ಮೇಲೆ ಕೂರದ ಹಾಗೆ ನೋಡಿಕೊಳ್ಳುವುದೇ ದಾರಿ. ನಮ್ಮ ಬಯಲುಸೀಮೆಯ ಕೆಂಧೂಳು ಬೇಸಿಗೆಯಲ್ಲಿ ಗಾಳಿಯಲ್ಲೇ ತೇಲುತ್ತಿರುತ್ತದೆ, ಒಣ ಹವೆಯಲ್ಲಿ ಫಿಲ್ಮ್ ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ ಧೂಳನ್ನು ಅದೇ ಎಳೆದುಕೊಳ್ಳುತ್ತದೆ. ನಾನು ಬೆಳಿಗ್ಗೆ ಬೇಗ, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಆರಿಸಿ ಕೂರುತ್ತೇನೆ. ರಬ್ಬರ್ ಬುಡ್ಡೆಯ ಬ್ಲೋವರ್‌ನಿಂದ ಊದಿ, ಮೆತ್ತನೆಯ ಬ್ರಷ್‌ನಿಂದ ಹಗುರವಾಗಿ ಸವರುತ್ತೇನೆ. ಬಾಯಲ್ಲಿ ಊದಬೇಡಿ, ಉಗುಳಿನ ತುಂತುರು ಜೆಲಾಟಿನ್ ಮೇಲೆ ಕಲೆಯಾಗಿ ಕೂರುತ್ತದೆ. ಉಳಿದ ನಾಲ್ಕೈದು ಚುಕ್ಕೆಗಳನ್ನು ಸ್ಕ್ಯಾನ್ ಆದ ಮೇಲೆ ಪ್ರತಿಯಲ್ಲಿ ಕೈಯಿಂದಲೇ ತೆಗೆಯಿರಿ.

ಸ್ಟುಡಿಯೋ ನೆಗೆಟಿವ್‌ಗಳ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ದ್ರಾವಣ ಹಾಕಿ ಒರೆಸುವ ಮೊದಲು ಫಿಲ್ಮಿನ ಮಂಕು ಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ ಸಣ್ಣ ಸಣ್ಣ ಹೊಳೆಯುವ ಗೀಟುಗಳು ಕಂಡರೆ ಅದು ನಿಮ್ಮ ತಂದೆಯವರ ಪೆನ್ಸಿಲ್. ಆಗಿನ ಸ್ಟುಡಿಯೋದವರು ಮೊಡವೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪನ್ನು ನೆಗೆಟಿವ್ ಮೇಲೇ ಚೂಪಾದ ಪೆನ್ಸಿಲ್‌ನಿಂದ ತಿದ್ದುತ್ತಿದ್ದರು. ಕೆಲವರು ಕೆಂಪು ಬಣ್ಣವನ್ನೂ ಹಚ್ಚುತ್ತಿದ್ದರು. ಕೆಲಸ ಶುರುಮಾಡಿದ ಹೊಸದರಲ್ಲಿ ನಾನೇ ಒಂದು ಸ್ಟುಡಿಯೋ ನೆಗೆಟಿವ್ ಅನ್ನು ಕೊಳೆಯೆಂದುಕೊಂಡು ಆಲ್ಕೋಹಾಲ್‌ನಲ್ಲಿ ಒರೆಸಿದೆ. ಹತ್ತಿಯ ಮೇಲೆ ಬೂದುಗಪ್ಪು ಹತ್ತಿತು. ಯಾರೋ ಅರ್ಧ ಗಂಟೆ ಕಣ್ಣು ಕೀಲಿಸಿ ಮಾಡಿದ ತಿದ್ದುಪಡಿ ಎರಡು ಉಜ್ಜಿಗೆ ಹೋಯಿತು. ಇವತ್ತಿಗೂ ಅದು ಮನಸ್ಸಿನಲ್ಲಿದೆ. ಸ್ಕ್ಯಾನ್‌ನಲ್ಲಿ ಆ ಗೀಟುಗಳು ಕೆನ್ನೆಯ ಮೇಲೆ ಬಿಳಿ ಗೆರೆಗಳಾಗಿ ಕಂಡರೂ ಇರಲಿ ಬಿಡಿ. ಅದು ಅವರ ಕೈಬರಹವೇ.

ಇನ್ನು ಕಲರ್. ಕಲರ್ ನೆಗೆಟಿವ್‌ನ ಕಿತ್ತಳೆ ಛಾಯೆ ವಯಸ್ಸಾಗಿ ಬಂದದ್ದು ಎಂದು ತುಂಬಾ ಜನ ತಿಳಿದಿದ್ದಾರೆ. ಅದು ಫಿಲ್ಮ್ ತಯಾರಿಸಿದವರೇ ಬೇಕೆಂದು ಸೇರಿಸಿದ್ದು. ಫಿಲ್ಮಿನೊಳಗಿನ ಬಣ್ಣಗಳು ತಾವು ತಡೆಯಬಾರದ ಬೆಳಕನ್ನೂ ಸ್ವಲ್ಪ ತಡೆಯುತ್ತವೆ, ಆ ದೋಷವನ್ನು ಸರಿದೂಗಿಸಲು ಈ ಛಾಯೆ. ನೆಗೆಟಿವ್ ಅನ್ನು ಪಾಸಿಟಿವ್ (ನೇರ ಬಣ್ಣದ ಚಿತ್ರ) ಮಾಡುವಾಗ ಅದನ್ನು ಕಳೆಯಲೇಬೇಕು, ಎಷ್ಟು ಕಳೆಯಬೇಕು ಎಂಬುದು ಫಿಲ್ಮಿನಿಂದ ಫಿಲ್ಮಿಗೆ ಬೇರೆ. ನಿಮ್ಮ ಸಾಫ್ಟ್‌ವೇರ್ ಆ ಲೆಕ್ಕವನ್ನು ಪ್ರತಿ ಫ್ರೇಮಿಗೂ ಹೊಸದಾಗಿ, ಆ ಫ್ರೇಮಿನಲ್ಲಿ ಕಾಣುವ ಬಣ್ಣಗಳ ಸರಾಸರಿ ನೋಡಿ ಹಾಕುತ್ತಿದೆ. ಫ್ರೇಮಿನ ತುಂಬ ಕೆಂಪು ಧಾರೆ ಸೀರೆ ಇದ್ದರೆ ‘ಕೆಂಪು ಜಾಸ್ತಿಯಾಯಿತು’ ಎಂದುಕೊಂಡು ಎದುರು ಬಣ್ಣ ಸುರಿಯುತ್ತದೆ, ಗೋಡೆ ನೀಲಿ-ಹಸಿರಿಗೆ ತಿರುಗುತ್ತದೆ. ಮುಂದಿನ ಫ್ರೇಮಿನಲ್ಲಿ ಬಾಳೆಕಂದು, ಮಾವಿನ ತೋರಣ ಜಾಸ್ತಿಯಿದ್ದರೆ ಅದೇ ಗೋಡೆ ನೇರಳೆ. ಒಂದೇ ರೋಲು, ಒಂದೇ ಚೌಲ್ಟ್ರಿ, ಒಂದೇ ಫ್ಲ್ಯಾಶ್, ಆದರೂ ಮೂರು ಬಣ್ಣ.

ಪರಿಹಾರ ಆ ಛಾಯೆಯ ಲೆಕ್ಕವನ್ನು ರೋಲಿಗೆ ಒಂದೇ ಸಲ ಹಾಕಿ ಬೀಗ ಜಡಿಯುವುದು. ಎರಡು ಫ್ರೇಮುಗಳ ನಡುವೆ ಚಿತ್ರವಿಲ್ಲದ ಕಿತ್ತಳೆ ಪಟ್ಟಿ ಇರುತ್ತದಲ್ಲ, ಅದೇ ಅಳತೆಗೋಲು. ಇಲ್ಲಿ ವ್ಯೂಸ್ಕ್ಯಾನ್ ಕೊಟ್ಟ ಹಣಕ್ಕೆ ಮೋಸವಿಲ್ಲ. ಆ ಖಾಲಿ ಪಟ್ಟಿಯನ್ನಷ್ಟೇ ಆವರಿಸಿ ಪ್ರಿವ್ಯೂ ಮಾಡಿ, ‘ಲಾಕ್ ಎಕ್ಸ್‌ಪೋಶರ್’ಗೆ ಟಿಕ್ ಹಾಕುವುದು. ಇನ್ನೊಮ್ಮೆ ಪ್ರಿವ್ಯೂ ಮಾಡಿ ‘ಲಾಕ್ ಫಿಲ್ಮ್ ಬೇಸ್ ಕಲರ್’ಗೆ ಟಿಕ್ ಹಾಕುವುದು. ಆಮೇಲೆ ಆ ರೋಲಿನ ಎಲ್ಲ ಫ್ರೇಮನ್ನೂ ಅದರಲ್ಲೇ ಓಡಿಸುವುದು. ಬಣ್ಣ ಸಂಪೂರ್ಣ ಸರಿ ಬಂತು ಎನ್ನಲಾರೆ, ಆದರೆ ಎಲ್ಲ ಫ್ರೇಮುಗಳಲ್ಲೂ ಒಂದೇ ರೀತಿ ತಪ್ಪಿರುತ್ತದೆ. ಒಂದನ್ನು ತಿದ್ದಿದರೆ ಅದೇ ತಿದ್ದುಪಡಿ ಉಳಿದ 35ಕ್ಕೂ ಒಪ್ಪುತ್ತದೆ. ಕಲರ್‌ಗೆ ಐಸ್ ಥರದ್ದೇ ಆದ ಅದರ ಇನ್ಫ್ರಾರೆಡ್ ಕ್ಲೀನಿಂಗ್ ಹಾಕಿ, ಹಗುರ ಮಟ್ಟದಲ್ಲಿ ಸಾಕು.

ಬಣ್ಣದ ಪದರಗಳು ನಿಜವಾಗಿ ಮಾಸಿಹೋಗಿರುವ ರೋಲುಗಳೂ ನಿಮ್ಮ ಟ್ರಂಕಿನಲ್ಲಿ ಸಿಗಬಹುದು. ಮೂರು ಪದರ ಒಂದೇ ವೇಗದಲ್ಲಿ ಮಾಸುವುದಿಲ್ಲ. ಅಂಥವನ್ನು ಯಾವ ಸಾಫ್ಟ್‌ವೇರೂ ಮೊದಲಿನಂತೆ ಮಾಡುವುದಿಲ್ಲ, ಉಳಿದ ಬಣ್ಣಗಳ ನಡುವೆ ರಾಜಿ ಮಾಡಿಸುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ದುಬಾರಿ ಸಾಫ್ಟ್‌ವೇರ್ ಹಾಕಿದರೆ ಅದೇ ಸ್ಕ್ಯಾನರಿನಲ್ಲಿ ಹೆಚ್ಚು ವಿವರ ಬರುತ್ತದೆ ಎಂಬ ನಂಬಿಕೆ ಬಿಡಿ. ಲೆನ್ಸ್ ಕಾಣದ್ದನ್ನು ಸಾಫ್ಟ್‌ವೇರ್ ಕಾಣಲಾರದು. ನಿಮ್ಮ 1,200 ಕಪ್ಪು-ಬಿಳುಪಿಗೆ ಎಪ್ಸನ್‌ನವರದ್ದೇ ಧಾರಾಳ ಸಾಕು. 600 ಕಲರ್‌ಗೆ ವ್ಯೂಸ್ಕ್ಯಾನ್‌ನ ಪ್ರೊಫೆಷನಲ್ ಆವೃತ್ತಿ ನನ್ನ ಸಲಹೆ. ಕೊಳ್ಳದೆಯೇ ಪರೀಕ್ಷಿಸಬಹುದು, ಆಗ ಚಿತ್ರದ ಮೇಲೆ ಡಾಲರ್ ಗುರುತು ಬೀಳುತ್ತದೆ ಅಷ್ಟೆ. ಅದರ ಪರದೆ ಮೊದಲ ವಾರ ತಲೆ ತಿನ್ನುತ್ತದೆ, ಆಯ್ಕೆಗಳು ಎಲ್ಲೆಲ್ಲೋ ಅವಿತಿರುತ್ತವೆ. ಆದರೆ ಸಾವಿರಾರು ಬಗೆಯ ಸ್ಕ್ಯಾನರಿಗೆ ಅದೊಂದೇ ಲೈಸೆನ್ಸ್ ನಡೆಯುತ್ತದೆ, ಕಂಪನಿಯವರೇ ಕೈಬಿಟ್ಟ ಹಳೆಯ ಸ್ಕ್ಯಾನರುಗಳನ್ನೂ ಹೊಸ ವಿಂಡೋಸ್‌ನಲ್ಲಿ ಎಬ್ಬಿಸುತ್ತದೆ. ನಾಳೆ ನಿಮ್ಮ ಸ್ಕ್ಯಾನರ್ ಕೆಟ್ಟು ಬೇರೆ ತಂದರೂ ಹಣ ಮುಳುಗುವುದಿಲ್ಲ.

ಜರ್ಮನಿಯ ಸಿಲ್ವರ್‌ಫಾಸ್ಟ್ ಕೆಟ್ಟದ್ದಲ್ಲ. ಅದರ ನೆಗಾಫಿಕ್ಸ್‌ನಲ್ಲಿ ಫಿಲ್ಮಿನ ಹೆಸರು ಆರಿಸಿದರೆ ಕಿತ್ತಳೆ ಛಾಯೆಯ ಲೆಕ್ಕ ಸಿದ್ಧವಾಗಿ ಬರುತ್ತದೆ, ಹಲವು ಸಲ ಬಣ್ಣ ಮೊದಲ ಏಟಿಗೇ ಕೂರುತ್ತದೆ. ಆದರೆ ಅದರ ಲೈಸೆನ್ಸ್ ಸ್ಕ್ಯಾನರಿನ ಮಾಡೆಲ್‌ಗೆ ಕಟ್ಟಿರುತ್ತದೆ. ವಿ600ಗೆ ಕೊಂಡದ್ದು ಬೇರೆ ಮಾಡೆಲ್‌ನಲ್ಲಿ ಓಡುವುದಿಲ್ಲ. ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ ಥರದ ಸ್ಕ್ಯಾನರ್ ಕೊಂಡವರಿಗೆ ಇದರ ಚಿಕ್ಕ ಆವೃತ್ತಿ ಜೊತೆಗೇ ಸಿಗುತ್ತದೆ, ಅವರು ಅದನ್ನೇ ಚೆನ್ನಾಗಿ ಕಲಿಯಲಿ. ನೀವು ಮಾತ್ರ ಇದಕ್ಕೆಂದು ಹಣ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ತಾಳ್ಮೆ ಇರುವವರಿಗೆ ಇನ್ನೊಂದು ದಾರಿಯಿದೆ. ಸ್ಕ್ಯಾನ್ ಮಾಡುವಾಗ ಪಾಸಿಟಿವ್ ಮಾಡುವುದೇ ಬೇಡ, ಕಿತ್ತಳೆ ಬಣ್ಣದ ಕಚ್ಚಾ ಫೈಲನ್ನೇ ಉಳಿಸಿಕೊಳ್ಳುವುದು. ಬಣ್ಣ ತಿರುಗಿಸುವ ಕೆಲಸ ಆಮೇಲೆ ಡಾರ್ಕ್‌ಟೇಬಲ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್‌ನ ನೆಗಾಡಾಕ್ಟರ್‌ನಲ್ಲಿ, ಇದು ಉಚಿತ. ಲೈಟ್‌ರೂಮ್ ಇದ್ದವರು ನೆಗೆಟಿವ್ ಲ್ಯಾಬ್ ಪ್ರೊ ಬಳಸುತ್ತಾರೆ. ವ್ಯೂಸ್ಕ್ಯಾನ್‌ನಲ್ಲೂ ಕಚ್ಚಾ ಫೈಲ್ ಉಳಿಸಿ, ಹತ್ತು ವರ್ಷ ಬಿಟ್ಟು ಅದರಿಂದಲೇ ಮತ್ತೆ ‘ಸ್ಕ್ಯಾನ್’ ತೆಗೆಯಬಹುದು. ನನ್ನ ಕೆಲಸದಲ್ಲಿ ನಾನು ಮಾಡುವುದು ಇದನ್ನೇ. ಬಣ್ಣದ ನಿರ್ಧಾರ ತಪ್ಪಿದರೆ ಫಿಲ್ಮನ್ನು ಮತ್ತೆ ಮುಟ್ಟಬೇಕಿಲ್ಲ. ತೊಂದರೆ ಎಂದರೆ ಕೆಲಸ ಎರಡು ಪಟ್ಟು, ತಕ್ಷಣಕ್ಕೆ ಮನೆಯವರಿಗೆ ತೋರಿಸಲು ಏನೂ ಇರುವುದಿಲ್ಲ. ತಾಯಿಯವರು ಪಕ್ಕದಲ್ಲಿ ಕೂತು ಕಾಯುತ್ತಿದ್ದರೆ ಇದು ಬೇಡ.

6400 ಡಿಪಿಐ ಬಗ್ಗೆ. ಪೆಟ್ಟಿಗೆಯ ಮೇಲೆ ಬರೆದಿರುವುದು ಸೆನ್ಸರ್ ಹೆಜ್ಜೆಯ ಲೆಕ್ಕ, ಲೆನ್ಸ್ ಬಿಡಿಸಿ ತೋರಿಸುವ ವಿವರದ್ದಲ್ಲ. ಗಾಜಿನ ಹಾಸಿನ ಈ ದರ್ಜೆಯ ಸ್ಕ್ಯಾನರುಗಳು ನಿಜದಲ್ಲಿ 2000 ಡಿಪಿಐ ಆಸುಪಾಸಿನಲ್ಲೇ ಸುಸ್ತಾಗುತ್ತವೆ. ಅದಕ್ಕಿಂತ ಮೇಲೆ ಹೋದರೆ ಫೈಲ್ ಉಬ್ಬುತ್ತದೆ, ಕಣ್ಣಿನ ರೆಪ್ಪೆ ಇನ್ನೊಂದು ಎಳೆ ಹೆಚ್ಚು ಕಾಣುವುದಿಲ್ಲ. 2400ರಲ್ಲಿ ನಿಲ್ಲಿಸಿ. ನಿಮ್ಮ ಚೌಕದ ನೆಗೆಟಿವ್‌ನ ಚಿತ್ರ 56 ಮಿಲಿಮೀಟರ್, 2400ರಲ್ಲಿ ಒಂದು ಬದಿಗೆ ಸುಮಾರು 5,290 ಪಿಕ್ಸೆಲ್, ಒಟ್ಟು 28 ಮೆಗಾಪಿಕ್ಸೆಲ್. 16-ಬಿಟ್ ಗ್ರೇ ಟಿಫ್ ಒಂದಕ್ಕೆ 56 ಎಂಬಿ. 35 ಎಂಎಂ ಕಲರ್ ಆದರೆ 3,400ಕ್ಕೆ 2,270 ಪಿಕ್ಸೆಲ್, 48-ಬಿಟ್‌ನಲ್ಲಿ (ಮೂರು ಬಣ್ಣಕ್ಕೆ ತಲಾ 16) 46 ಎಂಬಿ. ನಿಮ್ಮ ಇಡೀ ಟ್ರಂಕು 100 ಜಿಬಿ ಒಳಗೆ ಮುಗಿಯುತ್ತದೆ. ಎರಡು ಹಾರ್ಡ್‌ಡಿಸ್ಕ್ ತೆಗೆದುಕೊಂಡು ಎರಡರಲ್ಲೂ ಹಾಕಿ, ಒಂದನ್ನು ಬೇರೆ ಊರಿನಲ್ಲಿರುವ ತಂಗಿಯ ಮನೆಯಲ್ಲೋ ಅಣ್ಣನ ಮನೆಯಲ್ಲೋ ಇಡಿ.

ಡಿಪಿಐಗಿಂತ ಹೆಚ್ಚು ವಿವರ ತಿನ್ನುವುದು ಫಿಲ್ಮಿನ ಸುರುಳಿ. ಮಧ್ಯ ಉಬ್ಬಿದ ಫಿಲ್ಮಿನಲ್ಲಿ ಅಂಚು ಸ್ಪಷ್ಟ, ಮುಖ ಮಬ್ಬು. ಕವರಿನಲ್ಲಿಟ್ಟು ದಪ್ಪ ಪುಸ್ತಕಗಳ ಕೆಳಗೆ ಒಂದು ವಾರ ಇಡಿ. ಹೋಲ್ಡರಿನಲ್ಲಿ ಹೊಳಪಿನ ಬದಿ ಕೆಳಗೆ ಬರಬೇಕು, ಮೇಲಿಂದ ನೋಡಿದರೆ ಅಂಚಿನ ಅಕ್ಷರಗಳು ತಿರುಗುಮುರುಗಾಗಿ ಕಾಣಬೇಕು.

ಎಐ ಆ್ಯಪ್‌ನಲ್ಲಿ ಬಂದ ಮುಖವನ್ನೂ ಕಳಿಸಿದ್ದೀರಿ. ಚೆಂದವಾಗಿದೆ, ಆದರೆ ಅದು ನಿಮ್ಮ ಅತ್ತೆಯವರ ಮುಖವಲ್ಲ. ಮಬ್ಬಾದ ಕಡೆ ಆ ಆ್ಯಪ್ ತಾನು ಕಲಿತ ಲಕ್ಷಾಂತರ ಮುಖಗಳಿಂದ ಕಣ್ಣು, ತುಟಿ ತಂದು ಕೂರಿಸುತ್ತದೆ. ಅವರ ಎಡಹುಬ್ಬಿನ ಮೇಲಿದ್ದ ಸಣ್ಣ ಗಾಯದ ಗುರುತು ನಿಮ್ಮ ಕಿಟಕಿ ಬೆಳಕಿನ ಚಿತ್ರದಲ್ಲಿದೆ, ಆ್ಯಪ್‌ನ ಚಿತ್ರದಲ್ಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಹಂಚಲು ಮಾಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಮೂಲ ಟಿಫ್ ಇರುವ ಫೋಲ್ಡರಿನಲ್ಲಿ ಮಾತ್ರ ಅದನ್ನು ಸೇರಿಸಬೇಡಿ. ಇಪ್ಪತ್ತು ವರ್ಷ ಬಿಟ್ಟು ಯಾವುದು ನಿಜ ಎಂದು ಹೇಳುವವರು ಮನೆಯಲ್ಲಿ ಇರುವುದಿಲ್ಲ.

ನೆಗೆಟಿವ್ ಎಸೆಯುವ ಮಾತು ಕೇಳಿ ನನಗೆ ಸಂಕಟವಾಯಿತು. ಕೆಲವು ವರ್ಷಗಳ ಹಿಂದೆ ಕೆಜಿಎಫ್‌ನಿಂದ ಒಂದು ಕುಟುಂಬ ಬಂದಿತ್ತು. ತಂದೆ ಗಣಿಯಲ್ಲಿ ದುಡಿದವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಹೆಚ್ಚು ದಿನ ಉಳಿಯಲಿಲ್ಲವಂತೆ. ನೆಗೆಟಿವ್‌ಗಳನ್ನು ಅಂಗಡಿಯೊಂದರಲ್ಲಿ ಸ್ಕ್ಯಾನ್ ಮಾಡಿಸಿ, ಇನ್ನೇಕೆ ಎಂದು ಎಸೆದಿದ್ದರು. ಕೈಯಲ್ಲಿದ್ದದ್ದು ಒಂದು ಸಿಡಿ. ಫೈಲ್‌ಗಳೆಲ್ಲ 1,200 ಪಿಕ್ಸೆಲ್ ಅಗಲದ ಜೆಪೆಗ್. ಶಾಫ್ಟಿನ ಮುಂದೆ ಹೆಲ್ಮೆಟ್ ಹಾಕಿಕೊಂಡು ನಿಂತ ತಂದೆಯ ಒಂದೇ ಒಂದು ಚಿತ್ರವಿತ್ತು. ಹೆಲ್ಮೆಟ್ಟಿನ ನೆರಳಿನಲ್ಲಿ ಮುಖ ಪೂರ್ತಿ ಕಪ್ಪು, ಶೂನ್ಯ. ಮೇಲೆ ಹೇಳಿದ ಬೆಟ್ಟದ ಬುಡ ಕೊಯ್ದ ಸ್ಕ್ಯಾನ್ ಅದು. ನೆಗೆಟಿವ್ ಇದ್ದಿದ್ದರೆ ಆ ನೆರಳಿನಿಂದ ಕಣ್ಣುಗಳನ್ನು ಹೊರಗೆ ತರುವ ಅವಕಾಶವಾದರೂ ಇರುತ್ತಿತ್ತು. ಮಗಳು ಎರಡು ಸಲ ಕೇಳಿದರು, ಏನೂ ಮಾಡಲಾಗುವುದಿಲ್ಲವಾ ಅಂತ.

ಪಿವಿಸಿ ಪ್ಲಾಸ್ಟಿಕ್ ಕವರು ತೆಗೆದುಹಾಕಿ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರಿಗೆ ಹಾಕಿ ಟ್ರಂಕನ್ನು ಗೋಡೆಯಿಂದ ಸ್ವಲ್ಪ ದೂರದಲ್ಲಿ, ನೆಲದಿಂದ ಸ್ವಲ್ಪ ಎತ್ತರದಲ್ಲಿ, ತಂಪಾದ ಕೋಣೆಯಲ್ಲಿ ಇಡಿ. ಯಾವುದಾದರೂ ಕಟ್ಟು ಬಿಚ್ಚಿದಾಗ ಹುಳಿ ವಿನೆಗರ್ ವಾಸನೆ ಮೂಗಿಗೆ ಬಡಿದರೆ ಅದನ್ನು ಬೇರೆ ತೆಗೆದಿಡಿ. ಫಿಲ್ಮಿನ ಅಸಿಟೇಟ್ (ಅದರ ಪ್ಲಾಸ್ಟಿಕ್ ಹಾಳೆ) ಕೊಳೆಯುತ್ತಿದೆ, ಆ ಆವಿ ಪಕ್ಕದ ಫಿಲ್ಮಿಗೂ ಹಬ್ಬುತ್ತದೆ. ಅವನ್ನೇ ಮೊದಲು ಸ್ಕ್ಯಾನ್ ಮಾಡಿ.

ಒಂದು ಭಾನುವಾರಕ್ಕೆ 60 ಫ್ರೇಮ್ ಇಟ್ಟುಕೊಂಡರೂ 30 ಭಾನುವಾರ ಬೇಕು. ಅದಕ್ಕಿಂತ ಓಡಬೇಡಿ. ಈಗಾಗಲೇ ಮಾಡಿದ 70ರಲ್ಲಿ ಕಪ್ಪು-ಬಿಳುಪಿನವನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಫೈಲಿಗೆ ಹೆಸರಿಡುವಾಗ ನಿಮ್ಮ ತಂದೆಯವರು ಕವರಿನ ಮೇಲೆ ಬರೆದ ನಂಬರನ್ನೇ ಮೊದಲು ಹಾಕಿ. ಕವರುಗಳನ್ನೂ ಒಂದೊಂದಾಗಿ ಅದೇ ಸ್ಕ್ಯಾನರಿನ ಗಾಜಿನ ಮೇಲಿಟ್ಟು ತೆಗೆಯಿರಿ. ನೀವು ಕಳಿಸಿದ ಚಿತ್ರದ ಮೂಲೆಯಲ್ಲಿ ಒಂದು ಕವರಿನ ತುದಿ ಕಾಣುತ್ತಿತ್ತು, ನೀಲಿ ಶಾಯಿಯಲ್ಲಿ ‘ಚಿಂತಾಮಣಿ, ಕೋಲಾರ ಜಿಲ್ಲೆ’ ಅಂತಿದೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಅವರು ಅಂಗಡಿ ಮುಚ್ಚಿ ಆರು ವರ್ಷವಾದ ಮೇಲೆ. ಅತ್ತೆಯವರ ನೆಗೆಟಿವ್ ಐಸ್ ಇಲ್ಲದೆ ಮತ್ತೆ ಸ್ಕ್ಯಾನ್ ಆದ ದಿನ ಆ ಒಂದು ಫೈಲ್ ನನಗೂ ಕಳಿಸಿ, ಹಿಸ್ಟೋಗ್ರಾಮ್ ಸರಿ ಕೂತಿದೆಯೇ ನೋಡಿ ಹೇಳುತ್ತೇನೆ.